ವೇದಾವತಿ ಟೀಚರಿಗೆ ರಾಗ ಬರುವುದಿಲ್ಲ

ಡೊಂಬಿವಲಿ ಪೂರ್ವದ ವಿಮಲಕ್ಕನಿಗೆ ಅಭಿಪ್ರಾಯವಿಲ್ಲದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅದು ಮುಂಬಯಿಯ ಕನ್ನಡ ಪತ್ರಿಕೆಯ ‘ಓದುಗರ ಮಾತು’ ಅಂಕಣ ಮುಟ್ಟಲು ಹೆಚ್ಚು ದಿನ ಬೇಕಾಗುವುದಿಲ್ಲ. ಪತ್ರದ ಕೊನೆಗೆ ಯಾವಾಗಲೂ ಒಂದೇ ಸಹಿ: ವಿಮಲಾ ಲೋಕನಾಥ, ಡೊಂಬಿವಲಿ. ಕಲ್ಯಾಣದಿಂದ ಪನವೇಲಿನವರೆಗೆ ಕನ್ನಡ ಓದುವವರು ಮುಖಪುಟದ ಸುದ್ದಿಗಿಂತ ಮೊದಲು ಆ ಸಹಿಯನ್ನು ಹುಡುಕುತ್ತಾರೆ. ಕೆಲವರು ಪ್ರೀತಿಯಿಂದ, ಕೆಲವರು ಈ ಸಲ ಯಾರಿಗೆ ಕಾದಿದೆಯೋ ಎಂಬ ಭಯದಿಂದ.

ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದಾಗ ಅವರಿಗೆ ಈ ಊರಿನಲ್ಲಿ ಮಾತಾಡಲು ಯಾರೂ ಇರಲಿಲ್ಲ. ಗಂಡ ಲೋಕನಾಥರು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರು. ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಬರುವಾಗ ಹೋಟೆಲಿಗೆ ಬಂದ ಕನ್ನಡ ಪೇಪರನ್ನು ಕಂಕುಳಲ್ಲಿಟ್ಟು ತರುತ್ತಿದ್ದರು. ಗಿರಾಕಿಗಳ ಎಣ್ಣೆಗೈ ಹತ್ತಿದ ಆ ಪೇಪರನ್ನು ವಿಮಲಕ್ಕ ಮರುದಿನ ಮರಣವಾರ್ತೆಯವರೆಗೂ ಓದಿ ಮುಗಿಸುತ್ತಿದ್ದರು. ಅದರಲ್ಲಿ ‘ನಿಮಗೇನನ್ನಿಸುತ್ತದೆ?’ ಎಂದು ಅವರನ್ನು ಕೇಳುತ್ತಿದ್ದ ಜಾಗ ಒಂದೇ ಒಂದು. ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಪೇಪರಿನವರು ಕೇಳುತ್ತಿದ್ದಾರಲ್ಲ ಎಂದು ಒಂದು ದಿನ ಇನ್‌ಲ್ಯಾಂಡ್ ತಂದು ಬರೆದೇಬಿಟ್ಟರು. ಊರಿನಿಂದ ಬಂದ ಯಕ್ಷಗಾನ ಮೇಳದವರು ಜನರಿಗೆ ರೈಲು ತಪ್ಪಬಾರದೆಂದು ಆಟವನ್ನು ಅವಸರದಲ್ಲಿ ಮುಗಿಸಿದ್ದರು. ‘ಕೊನೆಯ ಲೋಕಲ್ಲಿಗಾಗಿ ರಾವಣನನ್ನು ಬೇಗ ಕೊಲ್ಲುವುದು ರಾಮನಿಗೂ ಮರ್ಯಾದೆಯಲ್ಲ’ ಎಂದು ಬರೆದ ಆ ಪತ್ರ ಅಚ್ಚಾಯಿತು. ಅಲ್ಲಿಂದ ಅವರ ಪೆನ್ನು ನಿಂತಿಲ್ಲ.

ರಾಜಕೀಯದಲ್ಲಿ ಅವರಿಗೆ ಪಕ್ಷವಿಲ್ಲ, ಎಲ್ಲ ಪಕ್ಷದವರಿಗೂ ಸಮಪಾಲು ಮಂಗಳಾರತಿ. ಶಾಸಕರು ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಪಕ್ಷ ಎಂದು ಹಾರಾಡಿದಾಗ, ಸ್ಟೇಶನ್ನಿನಲ್ಲಿರುವಂತೆ ವಿಧಾನಭವನಕ್ಕೂ ಇಂಡಿಕೇಟರ್ ಹಾಕಿಸಿ, ಯಾರು ಯಾವ ಪ್ಲಾಟ್‌ಫಾರ್ಮಿನಲ್ಲಿದ್ದಾರೆಂದು ಮತದಾರನಿಗೆ ತಿಳಿಯಲಿ ಎಂದು ಬರೆದರು. ಸಂಸ್ಕೃತಿಯ ವಿಷಯಕ್ಕೆ ಬಂದರೆ ಕನ್ನಡ ಸಂಘದ ಸನ್ಮಾನಗಳನ್ನು ಅವರು ಬಿಟ್ಟವರಲ್ಲ. ಶಾಲು ಹೊದೆಸಿಕೊಂಡವರು ವೇದಿಕೆಯ ಮೇಲೆ, ಚಪ್ಪಾಳೆ ತಟ್ಟುವವರು ಅವರ ಮನೆಯವರು, ಇದಕ್ಕೆ ಸಭಾಂಗಣ ಯಾಕೆ, ಮನೆಯಲ್ಲೇ ಹೊದೆಸಬಹುದಲ್ಲ ಎಂದರು. ಸಂಘದ ಕಾರ್ಯದರ್ಶಿ ವಿಷ್ಣುಮೂರ್ತಿಯವರು ಒಂದು ವರ್ಷ ಮಾತು ಬಿಟ್ಟು, ಮರುವರ್ಷ ತಾವೇ ಬಂದು ಮಾತಾಡಿಸಿದರು. ಅವರ ಭಾಷಣದಲ್ಲಿ ಎಷ್ಟು ಮರಾಠಿ ಶಬ್ದ ನುಸುಳಿದವು ಎಂದು ವಿಮಲಕ್ಕ ಆ ಮರುವಾರವೇ ಬರೆದರು. ನಮ್ಮ ಕನ್ನಡವನ್ನು ಈ ಊರಿನ ನೀರು ತೆಳ್ಳಗೆ ಮಾಡುತ್ತಿದೆ ಎಂಬುದು ಅವರ ಹಳೆಯ ದೂರು. ತಮ್ಮ ಕನ್ನಡ ಮಾತ್ರ ಆ ನೀರು ಕುಡಿದಿಲ್ಲ ಎಂಬುದು ಅವರ ಹಳೆಯ ನಂಬಿಕೆ.

ಇಷ್ಟಕ್ಕೆಲ್ಲ ಅವರು ಎರಡು ಕಟ್ಟಳೆ ಇಟ್ಟುಕೊಂಡಿದ್ದರು. ಒಂದು, ತನ್ನ ಮಾತಿಗೆ ತನ್ನದೇ ಹೆಸರು. ‘ನೊಂದ ಓದುಗ’, ‘ಓರ್ವ ಕನ್ನಡಿಗ’ ಎಂದು ಸಹಿ ಹಾಕುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಗೋಡೆ ಮರೆಯಲ್ಲಿ ನಿಂತು ಕಲ್ಲು ಎಸೆಯುವವರು ಅವರು ಎನ್ನುತ್ತಿದ್ದರು. ಇನ್ನೊಂದು, ತನ್ನವರನ್ನು ಪೇಪರಿನಲ್ಲಿ ಹೊಗಳಬಾರದು. ಹೊಗಳಿದರೆ ತೆಗಳಿದ್ದಕ್ಕೂ ಬೆಲೆಯಿಲ್ಲ. ಸಂಗೀತದ ಬಗ್ಗೆ ಎಷ್ಟೋ ಬರೆದರೂ, ಠಾಕುರ್ಲಿಯಲ್ಲಿ ಮಕ್ಕಳಿಗೆ ದೇವರನಾಮ ಕಲಿಸುವ ಪ್ರಾಣಸ್ನೇಹಿತೆ ವೇದಾವತಿಯ ಬಗ್ಗೆ ಒಂದು ಗೆರೆ ಬರೆಯದಿದ್ದದ್ದು ಈ ಕಟ್ಟಳೆಯಿಂದಲೇ. ಹೇಳಬೇಕಾಗಿಯೂ ಇಲ್ಲ, ಆಕೆಗೆ ಗೊತ್ತಿರುತ್ತದೆ ಎಂದುಕೊಂಡಿದ್ದರು.

ಮೊಮ್ಮಗಳು ತೃಷಾ ಸಂಗೀತ ಕಲಿಯುವುದೂ ಈ ವೇದಾವತಿ ಟೀಚರ ಹತ್ತಿರವೇ. ಹುಟ್ಟಿ ಬೆಳೆದದ್ದು ಡೊಂಬಿವಲಿ. ಅಜ್ಜಿ ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಉತ್ತರ ಮರಾಠಿಯಲ್ಲಿ. ಕನ್ನಡ ಅಕ್ಷರವನ್ನು ಅಜ್ಜಿಯೇ ಕೂರಿಸಿ ಕಲಿಸಿದ್ದರು. ಈ ಮಳೆಗಾಲದಲ್ಲಿ ಹುಡುಗಿ ತಾನಾಗಿಯೇ ಒಂದು ಪತ್ರ ಬರೆದು ತಂದಾಗ ವಿಮಲಕ್ಕನಿಗೆ ಸ್ವರ್ಗ ಮೂರೇ ಗೇಣು. ಅದು ಟೀಚರನ್ನು ಮೆಚ್ಚಿ ಬರೆದ ಪತ್ರ. ಮೆಚ್ಚಿದ್ದು ಮೊಮ್ಮಗಳು, ತಾನಲ್ಲ, ಹಾಗಾಗಿ ಕಟ್ಟಳೆಯೂ ಮುರಿಯಲಿಲ್ಲ. ಕನ್ನಡಕ ಏರಿಸಿ ಎರಡೆರಡು ಸಲ ಓದಿದರು, ಒಂದೆರಡು ಒತ್ತಕ್ಷರ ತಿದ್ದಿದರು, ‘ತೃಷಾ, ಡೊಂಬಿವಲಿ’ ಎಂದು ಅವಳ ಹೆಸರು ಹಾಕಿಸಿದರು, ತಮ್ಮ ಇ-ಮೇಲಿನಿಂದಲೇ ಕಳಿಸಿಕೊಟ್ಟರು.

ಪತ್ರಿಕೆಯವರಿಗೆ ಜಾಗದ ಅಭಾವ ಯಾವಾಗಲೂ ಇರುವಂಥದ್ದು. ನಾವು ಗಲಾಟೆ ಮಾಡಿದರೂ, ಪಾಠ ಮರೆತರೂ ಎಂದೆಲ್ಲ ಹುಡುಗಿ ಬರೆದದ್ದನ್ನು ಕತ್ತರಿಸಿ, ಉಳಿದದ್ದನ್ನು ಅಚ್ಚು ಹಾಕಿದರು. ಉಳಿದದ್ದು ಇಷ್ಟು: ‘ಠಾಕುರ್ಲಿಯಲ್ಲಿ ಸಂಗೀತ ಕಲಿಸುವ ವೇದಾವತಿ ಟೀಚರಿಗೆ ರಾಗವೇ ಬರುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಬಂದದ್ದಿಲ್ಲ. ಎಲ್ಲ ಟೀಚರುಗಳೂ ಇವರ ಹಾಗೆಯೇ ಇದ್ದರೆ ಎಷ್ಟು ಚೆನ್ನ!’

ವಿಮಲಕ್ಕ ಅದನ್ನು ಓದಿ ಹಿಗ್ಗಿ ಹೀರೇಕಾಯಿಯಾದರು. ಲೋಕನಾಥರಿಗೆ ಓದಿ ಹೇಳಿದರು. ಅವರು ಚಹಾ ಕುಡಿಯುತ್ತಾ ತಲೆಯಾಡಿಸಿದರು, ಮನೆಯಲ್ಲಿ ಅವರ ಅಭಿಪ್ರಾಯದ ಅಳತೆ ಅಷ್ಟೇ. ಆಮೇಲೆ ವಿಮಲಕ್ಕ ವೇದಾವತಿಗೆ ಫೋನು ಮಾಡಿ, ಪೇಪರ್ ನೋಡಿದಿರಾ, ಹೇಗಾಯಿತು ಎಂದು ನಗುನಗುತ್ತಾ ಕೇಳಿದರು. ಆಚೆಯಿಂದ ಒಂದು ಉಸಿರು ಕೇಳಿಸಿತು, ಫೋನು ಕಟ್ಟಾಯಿತು. ಮತ್ತೆ ಮಾಡಿದರು, ಎತ್ತಲಿಲ್ಲ. ರೇಂಜ್ ಇಲ್ಲವೇನೋ ಎಂದುಕೊಂಡರು.

ಮಧ್ಯಾಹ್ನಕ್ಕೆ ಕಳಂಬೋಲಿಯಿಂದ ಶಿವರಾಯ ಫೋನು ಮಾಡಿದರು. ಕಲಬುರಗಿ ಕಡೆಯವರು, ಉಕ್ಕಿನ ಪೇಟೆಯಲ್ಲಿ ಹಮಾಲರ ಗುಂಪಿನ ಮುಕಾದಮ, ಅಂದರೆ ಮೇಸ್ತ್ರಿ, ಅಂಕಣದಲ್ಲಿ ವಿಮಲಕ್ಕನ ಕಾಯಂ ಎದುರಾಳಿ. ಇವರು ಶಾಸ್ತ್ರೀಯ ಎಂದರೆ ಅವರು ತತ್ವಪದ, ಇವರು ಯಕ್ಷಗಾನ ಎಂದರೆ ಅವರು ದೊಡ್ಡಾಟ. ಮುಖ ನೋಡಿಲ್ಲದಿದ್ದರೂ ವರ್ಷಗಟ್ಟಲೆ ಜಗಳವಾಡಿದ ಸಲಿಗೆ ಇಬ್ಬರಿಗೂ ಇತ್ತು, ಒಬ್ಬರ ಮನೆಯ ಮಕ್ಕಳ ಹೆಸರು ಇನ್ನೊಬ್ಬರಿಗೆ ಗೊತ್ತಿರುವಷ್ಟು.

“ಅಕ್ಕಾರ, ನಾವು ನೀವು ಜಗಳಾಡೋದು ಬ್ಯಾರಿ,” ಎಂದರು ಶಿವರಾಯ. “ಆದ್ರ ಹಾಡು ಹೇಳಿಕೊಡೋರಿಗೆ ರಾಗನೇ ಬರಂಗಿಲ್ಲ ಅಂತ ಪೇಪರ್‌ನಾಗ ಹಾಕ್ಸೋದು ಛಲೋ ಅಲ್ಲ. ಅದೂ ಸಣ್ಣ ಹುಡುಗಿ ಹೆಸರಲೆ. ನೀವು ಹಂಗ ಮರೀಲಿ ನಿಂತು ಹೊಡಿಯೋರಲ್ಲ ಅಂತ ತಿಳಿದಿದ್ದೆ.”

ವಿಮಲಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಪತ್ರಿಕೆಯನ್ನು ಮತ್ತೆ ಎತ್ತಿಕೊಂಡರು. ಈ ಸಲ ಶಿವರಾಯರ ಕಣ್ಣಿನಿಂದ ಓದಿದರು. ವೇದಾವತಿ ಟೀಚರಿಗೆ ರಾಗವೇ ಬರುವುದಿಲ್ಲ. ತೃಷಾಳನ್ನು ಕರೆದು ಇದೇನು ಬರೆದದ್ದು ಎಂದು ಕೇಳಿದರು.

“ಬರೋಬರ್ ಆಹೆ ನಾ, ಅಜ್ಜಿ? ಟೀಚರ್ ಕಧೀಚ್ ರಾಗಾವತ್ ನಾಹೀತ್,” ಎಂದಳು ತೃಷಾ. ಅಜ್ಜಿಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೂ ಹೇಳಿದಳು, “ಸರಿಯಾಗೇ ಇದೆಯಲ್ಲ, ಸಿಟ್ಟು ಬರೋದೇ ಇಲ್ಲ ಅವರಿಗೆ.”

ಮರಾಠಿಯ ರಾಗ ಎಂದರೆ ಸಿಟ್ಟು. ಹುಡುಗಿ ಮರಾಠಿಯಲ್ಲಿ ಯೋಚಿಸಿ ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ಅದು ಸಹಜ. ಆದರೆ ಊರಿನವರ ಬಾಯಲ್ಲೆಲ್ಲ ಮರಾಠಿ ಹೆಕ್ಕುವ ವಿಮಲಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದರು. ಅಚ್ಚಾದ ಮೇಲೆ ಗಂಡನಿಗೂ ಓದಿ ಹೇಳಿದ್ದರು. ಓದಿದ್ದು ಕನ್ನಡ, ಅರ್ಥವಾದದ್ದು ಮರಾಠಿ, ಆ ದಾರಿಯಲ್ಲಿ ಒಂದು ಕಲ್ಲೂ ಕಾಲಿಗೆ ತಾಗಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಫೋನಿನಲ್ಲಿ ಕೇಳಿದ ವೇದಾವತಿಯ ಆ ಉಸಿರು ನೆನಪಾಯಿತು.

ಅಷ್ಟರಲ್ಲಿ ಊರು ಸುಮ್ಮನಿರಲಿಲ್ಲ. ಭಜನೆಗೆ ಭಕ್ತಿ ಸಾಕು, ರಾಗ ಯಾಕೆ ಎಂದು ಭಿವಂಡಿಯ ಅಂಬಾದಾಸರ ಪತ್ರ ಮರುದಿನ ಬಂತು. ಸಂಘದ ಚುನಾವಣೆಗೆ ಮುಂಚೆ ಇಂಥದ್ದು ಬರುವುದರ ಹಿಂದೆ ಯಾರಿದ್ದಾರೆ ಎಂದು ಇನ್ನೊಬ್ಬರು ಕೇಳಿದರು, ಹೆಸರು ಹಾಕದೆ. ವಾರ್ಷಿಕೋತ್ಸವದಲ್ಲಿ ವೇದಾವತಿ ಹಾಡುವ ಪ್ರಾರ್ಥನೆಯನ್ನು ಈ ಸಲ ಬೇರೆಯವರಿಗೆ ಕೊಡೋಣವೇ ಎಂದು ವಿಷ್ಣುಮೂರ್ತಿಯವರು ವಿಮಲಕ್ಕನನ್ನೇ ಸಲಹೆ ಕೇಳಿದರು. ಪ್ರಾರ್ಥನೆ ವೇದಾವತಿಯದ್ದೇ, ಬದಲಾಯಿಸಿದರೆ ಸಂಘದ ಮೇಲೆ ವಾರಕ್ಕೊಂದು ಪತ್ರ ಬರುತ್ತದೆ ಎಂದು ವಿಮಲಕ್ಕ ಹೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಆ ಮರುದಿನ ಸಂಜೆಯೇ ವಿಮಲಕ್ಕ ಬರೆದರು. ತಮ್ಮ ಜೀವನದಲ್ಲಿ ಮೊದಲ ಸಲ ಒಂದು ತಿದ್ದುಪಡಿ. ‘ಮೊನ್ನೆ ಇಲ್ಲಿ ಬಂದ ಪತ್ರದ ರಾಗ ಮರಾಠಿಯದು, ಕನ್ನಡದ್ದಲ್ಲ. ವೇದಾವತಿಯವರಿಗೆ ಸಿಟ್ಟು ಬರುವುದಿಲ್ಲ ಎಂದು ಓದಿಕೊಳ್ಳಬೇಕು. ಬರೆದದ್ದು ಮಗು, ನೋಡಿ ಕಳಿಸಿದ್ದು ನಾನು. ತಪ್ಪು ನನ್ನದು. ಇನ್ನೊಬ್ಬರ ಕನ್ನಡದಲ್ಲಿ ಮರಾಠಿ ಹುಡುಕುವ ನನ್ನ ಕನ್ನಡಕ್ಕೇ ಮರಾಠಿಯ ನೀರು ಇಷ್ಟು ಸೇರಿದೆ.’ ಕೆಳಗೆ ಪೂರ್ತಿ ಹೆಸರು.

ಕನ್ನಡ ಬಲ್ಲವರೆಲ್ಲ ನಕ್ಕರು, ಮೆಚ್ಚಿದರು. ಶಿವರಾಯ ಫೋನಿನಲ್ಲಿ ನಕ್ಕ ನಗು ಕಳಂಬೋಲಿಯಿಂದ ನೇರವಾಗಿಯೇ ಕೇಳಿಸುವಂತಿತ್ತು. ವೇದಾವತಿಯ ಫೋನು ಮಾತ್ರ ಬರಲಿಲ್ಲ. ಮಾಡಿದರೆ ಎತ್ತಲೂ ಇಲ್ಲ. ಶಬ್ದ ಸರಿಹೋಯಿತು, ಹಾಗಿದ್ದರೂ ಯಾಕೆ ಹೀಗೆ ಎಂದು ಎರಡು ದಿನ ಚಡಪಡಿಸಿದ ವಿಮಲಕ್ಕ, ಭಾನುವಾರ ಬೆಳಿಗ್ಗೆ ಸೀರೆ ಬದಲಾಯಿಸಿ ಸ್ಲೋ ಲೋಕಲ್ ಹಿಡಿದರು. ಠಾಕುರ್ಲಿ ಒಂದೇ ಸ್ಟೇಶನ್. ಕೂತುಕೊಳ್ಳುವ ಮೊದಲೇ ಇಳಿಯಬೇಕು.

ವೇದಾವತಿ ಕ್ಲಾಸಿನ ಕೋಣೆಯಲ್ಲಿ ಚಾಪೆ ಹಾಸುತ್ತಿದ್ದರು. ಮಕ್ಕಳು ಇನ್ನೂ ಬಂದಿರಲಿಲ್ಲ. ಬನ್ನಿ ಎಂದರು, ನೀರು ಕೊಟ್ಟರು. ಉಪಚಾರದಲ್ಲಿ ಕೊರತೆಯಿಲ್ಲ, ಮುಖದಲ್ಲಿ ಮಾತ್ರ ಹಳೆಯ ಸಲಿಗೆಯಿಲ್ಲ. ವಿಮಲಕ್ಕ ನಡೆದದ್ದನ್ನೆಲ್ಲ ಮತ್ತೊಮ್ಮೆ ಹೇಳಿ, ತಿದ್ದುಪಡಿ ಓದಲಿಲ್ಲವೇ ಎಂದು ಕೇಳಿದರು.

“ಓದಿದೆ,” ಎಂದರು ವೇದಾವತಿ. “ಓದದಿದ್ರೂ ಆಮೇಲೆ ಗೊತ್ತಾಗ್ತಿತ್ತು. ದಿನಾ ತರಕಾರಿಯವನೊಟ್ಟಿಗೆ ಮರಾಠಿ ಮಾತಾಡುವುದು ನಾನು. ಶಬ್ದ ಹೋಗಲಿ. ಆದ್ರೆ ಆ ಪತ್ರ ನೋಡಿದ ಕೂಡ್ಲೆ ನಾನು ನಂಬಿದೆ ವಿಮಲಕ್ಕಾ. ನನಗೆ ಹಾಡಲಿಕ್ಕೆ ಬರುವುದಿಲ್ಲ ಅಂತಲೇ ನೀವು ಎಣಿಸಿಕೊಂಡಿದ್ದೀರಿ ಅಂತ ನಂಬಿದೆ. ರಸ್ತೆ, ಸರಕಾರ, ಮೈಕು, ಸಂಘದ ಊಟದ ಸಾರು, ಎಲ್ಲದರ ಬಗ್ಗೆ ಬರೆದವರು ನೀವು. ನನ್ನ ಹಾಡಿನ ಬಗ್ಗೆ ಬಾಯಲ್ಲೂ ಒಂದು ಮಾತು ಹೇಳಿದ್ದಿಲ್ಲ.”

ವಿಮಲಕ್ಕ ತಮ್ಮ ಎರಡನೇ ಕಟ್ಟಳೆಯನ್ನು ವಿವರಿಸಲು ಹೊರಟರು. ಅರ್ಧಕ್ಕೆ ಅದು ಅವರಿಗೇ ಸಪ್ಪೆಯೆನ್ನಿಸಿತು. ಪೇಪರಿನಲ್ಲಿ ಹೊಗಳಬಾರದು ಸರಿ, ಅಡುಗೆಮನೆಯಲ್ಲಿ ಕೂತು ಹೇಳಬಾರದೆಂದು ಯಾರು ಹೇಳಿದ್ದರು? ಇಡೀ ಊರಿಗೆ ಹೇಳುವ ಭರದಲ್ಲಿ ಪಕ್ಕದಲ್ಲಿ ಕೂತವಳಿಗೆ ಹೇಳುವುದು ಬಿಟ್ಟುಹೋಗಿತ್ತು.

“ಪೇಪರಿಗೆ ಬೇಡ,” ಎಂದರು ವೇದಾವತಿ. “ನನಗೆ ಹೇಳಿ. ಹೇಗುಂಟು ನನ್ನ ಹಾಡು?”

ಚೆನ್ನಾಗಿದೆ ಎಂದು ಒಂದು ಮಾತು ಹೇಳಿ ಎದ್ದುಬಿಡಬಹುದಿತ್ತು. ಆದರೆ ಎದುರಿಗಿದ್ದವರು ತಮ್ಮ ಪ್ರತಿ ಪತ್ರವನ್ನೂ ಓದಿದವರು, ಸುಳ್ಳು ಹೇಳಿದರೆ ಗೆರೆ ಹಾಕಿ ತೋರಿಸುವವರು. ವಿಮಲಕ್ಕ ನೀರಿನ ಲೋಟ ಕೆಳಗಿಟ್ಟರು.

“ಮೇಲಿನ ಷಡ್ಜಕ್ಕೆ ಹೋಗುವಾಗ ನೀವು ಹೆದರ್ತೀರಿ,” ಎಂದರು. “ಮುಟ್ಟುವ ಮೊದಲೇ ಜಾರ್ತದೆ. ಅದೊಂದು ಬಿಟ್ಟರೆ ನನಗೆ ಹೇಳಲಿಕ್ಕೆ ಎಂತದೂ ಇಲ್ಲ. ಬೇರೆ ಯಾರು ಹಾಡಿದರೂ ನನ್ನ ತಲೆಯಲ್ಲಿ ಪತ್ರ ಶುರುವಾಗ್ತದೆ ಮಾರಾಯ್ತಿ. ನೀವು ಹಾಡುವಾಗ ಆಗುವುದಿಲ್ಲ. ಸುಮ್ಮನೆ ಕೇಳ್ತಾ ಕೂತುಬಿಡ್ತೇನೆ. ಮತ್ತೆ ಬರೆಯುವುದು ಎಂತದ್ದು?”

ವೇದಾವತಿ ಚಾಪೆಯ ಮಡಚಿದ ಅಂಚನ್ನು ಸರಿಮಾಡಿದರು. ಜಾರುವುದು ತನಗೂ ಗೊತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಎಂದರು. ಆಮೇಲೆ ಶ್ರುತಿಪೆಟ್ಟಿಗೆ ಹಚ್ಚಿ, ವಿಮಲಕ್ಕನನ್ನು ಮಕ್ಕಳು ಕೂರುವ ಮುಂದಿನ ಸಾಲಿಗೆ ಕರೆದು ಕೂರಿಸಿ, ಜಾರಿದರೆ ಅಲ್ಲೇ ಹೇಳಬೇಕು ಎಂದು ತಾಕೀತು ಮಾಡಿ ಹಾಡತೊಡಗಿದರು. ಮೇಲೆ ಹೋಗುವಾಗ ಸ್ವರ ಜಾರಿತು. ವಿಮಲಕ್ಕ ಜಾರಿತು ಎಂದರು. ವೇದಾವತಿ ಮೊದಲಿನಿಂದ ಎತ್ತಿಕೊಂಡರು. ಮತ್ತೆ ಜಾರಿತು, ಮತ್ತೆ ಎತ್ತಿಕೊಂಡರು. ಅಷ್ಟರಲ್ಲಿ ಮಕ್ಕಳು ಬಂದು, ಟೀಚರು ಪಾಠ ಒಪ್ಪಿಸುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ವೇದಾವತಿ ಅವರ ಕಡೆ ತಿರುಗದೆ, ಕಣ್ಣು ಮುಚ್ಚಿ, ಆ ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ಇದ್ದರು.

“ಈಗ?” ಎಂದರು ಕಣ್ಣು ಬಿಟ್ಟು.

“ನಿಂತಿತು,” ಎಂದರು ವಿಮಲಕ್ಕ. ಅದಕ್ಕೆ ಇನ್ನೊಂದು ಮಾತು ಸೇರಿಸಬೇಕೆಂದು ಅವರಿಗೆ ಅನ್ನಿಸಲಿಲ್ಲ.