ಮನೆಯಲ್ಲಿ ಉಳಿಯಬಾರದ ಲಿಂಗ

ಕೊಲೆಯಾದವಳು ನನ್ನ ಗೆಳತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳುವವರನ್ನು ಸತಾಯಿಸಿ ಕೊನೆಗೆ ಬಾಯಿ ಬಿಡುವ ಚಾಳಿ ನನ್ನದಲ್ಲ. ಅವಳಿಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು, ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ನಿಲಂಗಾದಿಂದ ಉದಗೀರದ ಕಡೆ ಹೋಗುವ ಗಾಡಿದಾರಿಯ ಪಕ್ಕದ ಸಣ್ಣ ಊರು ನಮ್ಮದು. ನಿಜಾಮರ ಆಳ್ವಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ಶಾಲೆಯಲ್ಲಿ ಉರ್ದು ಹೋಗಿ ಮರಾಠಿ ಬಂದಿತ್ತು, ಮನೆಯಲ್ಲಿ ಕನ್ನಡ ಇದ್ದ ಹಾಗೇ ಇತ್ತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸದ ಕಾಲವಾದ್ದರಿಂದ ನಮ್ಮಿಬ್ಬರಿಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸತ್ತವರನ್ನೆಲ್ಲ ದೇವರು ಮಾಡಿ ಕೂರಿಸುವುದು ನನಗೆ ಸೇರುವುದಿಲ್ಲ. ಅವಳು ಶುದ್ಧ ಜಗಳಗಂಟಿ. ಮನೆಯಾಟ ಆಡಿದರೆ ಯಾವಾಗಲೂ ಅವಳೇ ಅತ್ತೆ, ನಾನು ಸೊಸೆ. ಮಣ್ಣಿನ ರೊಟ್ಟಿ ದಪ್ಪವಾಯಿತೆಂದು ನನ್ನ ಜಡೆ ಜಗ್ಗುತ್ತಿದ್ದಳು. ಅಷ್ಟಾದರೂ ಬೆಳಗಾದರೆ ನಾನು ಅವಳ ಬಾಗಿಲಲ್ಲೇ ಇರುತ್ತಿದ್ದೆ. ಬೇರೆ ಯಾರ ಹತ್ತಿರ ಜಡೆ ಜಗ್ಗಿಸಿಕೊಳ್ಳಲೂ ನನಗೆ ಮನಸ್ಸಿರಲಿಲ್ಲ.

ಅವಳ ತಾಯಿಯನ್ನು ನಾನು ಕಾಕಿ ಎನ್ನುತ್ತಿದ್ದೆ. ಕಾಕಿಗೆ ಬಹಳ ವರ್ಷ ಮಕ್ಕಳಾಗದೆ ಕೊನೆಗೆ ಹುಟ್ಟಿದ ಒಂದೇ ಮಗಳು. ಹಾಗಾಗಿ ಮೈತುಂಬ ಬೆಳ್ಳಿ: ಕಾಲಲ್ಲಿ ಗೆಜ್ಜೆ, ಸೊಂಟಕ್ಕೆ ಉಡದಾರ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಕರಡಿಗೆಯೆಂದರೆ ಲಿಂಗ ಇಡುವ ಸಣ್ಣ ಭರಣಿ. ನಮ್ಮವರಲ್ಲಿ ಮಗು ಹುಟ್ಟಿದ ಕೂಡಲೇ ಮಠದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದು ಆ ಜೀವದ್ದು, ಇನ್ನೊಬ್ಬರದಲ್ಲ. ಬದುಕಿರುವವರೆಗೆ ಎದೆಯ ಮೇಲೆ, ಸತ್ತ ಮೇಲೆ ಎಡ ಅಂಗೈಯಲ್ಲಿ. ಹೆಣವನ್ನು ಕೂರಿಸಿ ಮಣ್ಣು ಮಾಡುವಾಗ ಅದೂ ಜೊತೆಗೇ ಹೋಗುತ್ತದೆ. ಸತ್ತವರ ಸೀರೆ ಮನೆಯಲ್ಲಿ ಉಳಿಯುತ್ತದೆ, ಊರುಗೋಲು ಉಳಿಯುತ್ತದೆ, ಲಿಂಗ ಮಾತ್ರ ಉಳಿಯುವುದಿಲ್ಲ.

ಜೋಳ ಆಳೆತ್ತರ ಬೆಳೆದು, ಹಸಿ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳು. ಅವಳು ಅಪ್ಪನಿಗೆ ಬುತ್ತಿ ಕೊಡಲು ಹೊಲಕ್ಕೆ ಹೋದಳು. ಬುತ್ತಿ ಮುಟ್ಟಿಸಿದಳು, ತಿರುಗಿ ಬರಲಿಲ್ಲ. ಸಂಜೆಯಿಂದ ಊರಿನ ಗಂಡಸರೆಲ್ಲ ಹುಡುಕಿದರು. ಮರುದಿನ ಬೆಳಿಗ್ಗೆ ಯಾರದೋ ಜೋಳದ ಹೊಲದಲ್ಲಿ ಸಿಕ್ಕಳು. ಕತ್ತು ಹಿಚುಕಿದ್ದರು. ಮೈಮೇಲೆ ಬೆಳ್ಳಿಯ ಒಂದು ಗುಂಡೂ ಇರಲಿಲ್ಲ. ಕರಡಿಗೆಯೂ ಇರಲಿಲ್ಲ, ಅದರೊಳಗಿನ ಲಿಂಗವೂ ಇರಲಿಲ್ಲ.

ಅಯ್ಯನವರು ಮಠದಿಂದ ಬೇರೆ ಲಿಂಗ ತಂದು ಅಂಗೈಯಲ್ಲಿ ಇಡುತ್ತೇನೆಂದರು. ಕಾಕಿ ಒಪ್ಪಲಿಲ್ಲ. ಅವಳು ಅಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಹುಟ್ಟಿದಾಗ ಕಟ್ಟಿದ್ದು ಎಲ್ಲಿ ಅದರೀ ಅಯ್ಯನವರ? ಅದು ತರ್ರಿ" ಎಂದಳು. ಯಾರು ಎಷ್ಟು ಹೇಳಿದರೂ ಅದೊಂದೇ ಮಾತು. ಕಡೆಗೆ ಅಂಗೈಗೆ ವಿಭೂತಿ ಹಚ್ಚಿ ಬರಿಗೈಯಲ್ಲೇ ಮಗುವನ್ನು ಮಣ್ಣು ಮಾಡಿದರು. ಮಗಳು ಸತ್ತಿದ್ದಾಳೆ ಎನ್ನುವುದನ್ನು ಕಾಕಿ ಹೇಗೋ ನುಂಗಿಕೊಂಡಳು. ಅಷ್ಟು ಸಣ್ಣವಳು ಅಲ್ಲಿ ಕತ್ತಲಲ್ಲಿ ಲಿಂಗವಿಲ್ಲದೆ ಒಬ್ಬಳೇ ಕುಳಿತಿದ್ದಾಳೆ ಎನ್ನುವುದನ್ನು ನುಂಗಲು ಅವಳಿಂದ ಆಗಲಿಲ್ಲ. ಆಮೇಲಿನ ಅವಳ ಬದುಕೆಲ್ಲ ಆ ಲಿಂಗಕ್ಕಾಗಿ ಕಾಯುವುದೇ ಆಯಿತು.

ಊರಿನವರು ತಮ್ಮ ಬುದ್ಧಿ ಓಡಿಸಿದರು. ಲಿಂಗ ಕಟ್ಟಿಕೊಂಡವನು ಇನ್ನೊಬ್ಬರ ಲಿಂಗಕ್ಕೆ ಕೈ ಹಾಕಲಾರ, ಹಾಗಾದರೆ ಇದು ಲಿಂಗವಿಲ್ಲದವನ ಕೆಲಸ ಎಂದು ತೀರ್ಮಾನಿಸಿದರು. ಇಷ್ಟು ಸರಳ ಲೆಕ್ಕ. ಗಾದಿಗೆ ಹತ್ತಿ ಹಿಂಜಿ ಕೊಡುವ ಮುಸಲ್ಮಾನ ಪಿಂಜಾರನೊಬ್ಬ ಊರಲ್ಲಿದ್ದ. ನಿಜಾಮರನ್ನು ಇಳಿಸಿದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಜೀವ ಉಳಿಸಿಕೊಂಡು ಓಡಿಹೋಗಿ, ಎಲ್ಲ ತಣ್ಣಗಾದ ಮೇಲೆ ತಿರುಗಿ ಬಂದು ತನ್ನ ಹಳೆಯ ಗುಡಿಸಲಲ್ಲೇ ಇದ್ದ. ಹತ್ತಿ ಹಿಂಜುವ ಅವನ ಬಿಲ್ಲಿನ ಸದ್ದು ಕೇಳಲು ನಾವಿಬ್ಬರೂ ಹೋಗಿ ಕೂರುತ್ತಿದ್ದೆವು. ಆ ಮುದುಕನನ್ನು ಹಿಡಿದು ಪೊಲೀಸರಿಗೆ ಕೊಟ್ಟರು. ಕೆಲವು ದಿನಗಳ ಮೇಲೆ ಕುಂಟುತ್ತ ಬಂದು, ಬಿಲ್ಲು ಹೆಗಲಿಗೆ ಹಾಕಿಕೊಂಡು ಉದಗೀರಕ್ಕೆ ಹೊರಟುಹೋದ. ನನ್ನ ಅಪ್ಪನೂ ಬಾಗಿಲಲ್ಲಿ ನಿಂತು ನೋಡಿದ, ಒಂದು ಮಾತಾಡಲಿಲ್ಲ. ಆ ಮೌನಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದೇ ವಾರ ಓಣಿಯ ತಾಯಂದಿರೆಲ್ಲ ಮಕ್ಕಳ ಮೈಮೇಲಿನ ಬೆಳ್ಳಿ ಬಿಚ್ಚಿದರು. ನನ್ನ ಗೆಜ್ಜೆ ಹೋದವು, ಉಡದಾರ ಹೋಯಿತು, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿದರು. ಓಣಿಯಲ್ಲಿ ಮಕ್ಕಳು ಓಡಾಡುವ ಸಪ್ಪಳವೇ ನಿಂತುಹೋಯಿತು. ಓಡಾಡಲು ಬಿಟ್ಟರಲ್ಲವೇ ಸಪ್ಪಳ! ನೀರಿಗೆ ಹೋದರೂ ಅವ್ವನ ಸೆರಗು, ಬಯಲಿಗೆ ಹೋದರೂ ಅವ್ವನ ಸೆರಗು. ನಾನು ಗೋಡೆಗೆ ಒರಗಿ ಕುಳಿತು ಒಬ್ಬಳೇ ಮಣ್ಣಿನ ರೊಟ್ಟಿ ತಟ್ಟಿದೆ. ಬೈಯುವ ಅತ್ತೆಯಿಲ್ಲದ ಮೇಲೆ ಸೊಸೆಯಾಗಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಗೋಡೆಯ ಆಚೆ ಕಾಕಿ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು, ಅಷ್ಟೇ.

ನಮ್ಮ ಎದುರು ಮನೆಯಲ್ಲಿ ಒಬ್ಬ ಮುದುಕಿ, ಮಕ್ಕಳೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು, ಕಾಕಿ ಓಣಿಯ ವರಸೆಯಲ್ಲಿ ಅತ್ತಿ ಎನ್ನುತ್ತಿದ್ದಳು. ಅವಳಿಗೆ ಮದುವೆಯಾಗದ ಒಬ್ಬ ಮಗ. ನಮ್ಮವರೇ, ಲಿಂಗವಂತರೇ. ಹುಡುಕಲು ಹೋದ ಗಂಡಸರಲ್ಲಿ ಅವನೂ ಇದ್ದ, ಪಿಂಜಾರನನ್ನು ಹಿಡಿದವರಲ್ಲಿಯೂ ಇದ್ದ. ಒಂದು ಸೋಮವಾರ ಆಯಿ ದೇವರ ಜಗಲಿ ಸಾರಿಸಲೆಂದು ಅಲ್ಲಿದ್ದದ್ದನ್ನೆಲ್ಲ ಇಳಿಸಿದಳು. ಹಿಂದಿನ ಮೂಲೆಯಲ್ಲಿ, ಅರಿವೆಯೊಳಗೆ, ವಿಭೂತಿ ಹಚ್ಚಿದ ಸಣ್ಣ ಲಿಂಗವೊಂದು ಸಿಕ್ಕಿತು. ತನ್ನ ಲಿಂಗ ತನ್ನ ಎದೆಯ ಮೇಲಿದೆ. ಮಗನದು ಮಗನ ಎದೆಯ ಮೇಲಿದೆ. ಗಂಡನದು ಗಂಡನ ಜೊತೆ ಮಣ್ಣಿಗೆ ಹೋಗಿದೆ. ಮನೆಯಲ್ಲಿ ಹೆಚ್ಚಿನದೊಂದು ಲಿಂಗ ಇರಲು ಸಾಧ್ಯವೇ ಇಲ್ಲ.

ಅವನು ಬೆಳ್ಳಿಯನ್ನು ಎಲ್ಲೋ ದೂರದ ಪೇಟೆಯಲ್ಲಿ ಮಾರಿದ್ದ. ಲಿಂಗವನ್ನು ಬಾವಿಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎಸೆಯಲು ಕೈ ಬರಲಿಲ್ಲ. ಮಗುವಿನ ಕತ್ತಿಗೆ ಬಂದ ಕೈ ಲಿಂಗಕ್ಕೆ ಬರಲಿಲ್ಲ! ತಂದು ಜಗಲಿಯ ಮೇಲಿಟ್ಟು ವಿಭೂತಿ ಬೇರೆ ಹಚ್ಚಿದ್ದ. ಇಂಥ ಭಕ್ತಿಗೆ ಏನೆನ್ನಬೇಕೋ ನನಗೆ ತಿಳಿಯದು, ತಿಳಿದುಕೊಳ್ಳುವ ಮನಸ್ಸೂ ಇಲ್ಲ.

ಆಯಿ ಮಧ್ಯಾಹ್ನದ ಬಿಸಿಲಲ್ಲಿ ಓಣಿ ದಾಟಿ ಬಂದಳು. ನಾನು ಕಟ್ಟೆಯ ಮೇಲಿದ್ದೆ. ಎರಡೂ ಕೈ ಜೋಡಿಸಿ ಮುಂದೆ ಹಿಡಿದಿದ್ದರಿಂದ ಸೆರಗು ಜಾರಿದರೂ ಸರಿಮಾಡಿಕೊಳ್ಳಲು ಆಗುತ್ತಿರಲಿಲ್ಲ. ಕಾಕಿಯ ಬಾಗಿಲಲ್ಲಿ ನಿಂತು, "ಇದು ನಿನ್ನ ಮಗಳದ ಅದ, ನೋಡವ್ವ. ನಮ್ಮ ಮನ್ಯಾಗ ಸಿಕ್ಕದ" ಎಂದಳು. ಮಗನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಕಾಕಿ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. ಆಯಿ ಹೊಸ್ತಿಲ ಹೊರಗೇ ಬಹಳ ಹೊತ್ತು ನಿಂತಿದ್ದಳು. ಕೂಡು ಎಂದು ಯಾರೂ ಹೇಳಲಿಲ್ಲ.

ಸಂಜೆಯೊಳಗೆ ಪೊಲೀಸರು ಬಂದರು. ಮಗನನ್ನು ಒಯ್ದರು, ಸಾಕ್ಷಿಗೆ ಬೇಕೆಂದು ಲಿಂಗವನ್ನೂ ಒಯ್ದರು. ಕಾಕಿಯ ಕೈಗೆ ಬಂದದ್ದು ಒಂದು ದಿನವೂ ನಿಲ್ಲಲಿಲ್ಲ. ಕಾಕಿಯ ಗಂಡ, ನಮ್ಮ ಕಾಕಾ, ಕೋರ್ಟಿಗೆ ಓಡಾಡಿದ. ಖಟ್ಲೆ ಮುಗಿಯಲಿ ಎಂದರು. ಖಟ್ಲೆ ಮುಗಿದು ಅವನಿಗೆ ಜನ್ಮಠೇಪೆ, ಅಂದರೆ ಜೀವವಿರುವವರೆಗೆ ಜೈಲು ಆಯಿತು, ಆಗ ಅಪೀಲು ಮುಗಿಯಲಿ ಎಂದರು. ಅಷ್ಟರಲ್ಲಿ ನಮ್ಮ ಭಾಗವನ್ನು ಬೀದರ ಜಿಲ್ಲೆಯಿಂದ ಬಿಡಿಸಿ ಉಸ್ಮಾನಾಬಾದಕ್ಕೆ ಹಚ್ಚಿದರು. ಕಾಗದಗಳು ಗಂಟುಕಟ್ಟಿ ಊರಿಂದೂರಿಗೆ ಹೋದವು, ಅವುಗಳ ಜೊತೆ ನನ್ನ ಗೆಳತಿಯ ಲಿಂಗವೂ ಹೋಯಿತು. ಪಿಂಜಾರನದು ತಪ್ಪಿಲ್ಲವೆಂದು ಊರಿಗೆಲ್ಲ ತಿಳಿದಿತ್ತು. ಅವನನ್ನು ಕರೆತರಲು ಉದಗೀರಕ್ಕೆ ಯಾರೂ ಹೋಗಲಿಲ್ಲ. ಚಳಿಗಾಲದಲ್ಲಿ ಗಂಟುಗಂಟಾದ ಗಾದಿಯ ಮೇಲೆಯೇ ಮಲಗಿದರು.

ಆಯಿಯ ಮನೆಗೆ ಹೋಗುವವರೂ ನಿಂತರು. ಅವಳು ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ನಡೆಯುತ್ತಿದ್ದರು. ಕೊಂದವನ ತಾಯಿಯೆಂದು ಕೆಲವರು, ಹೆತ್ತ ಮಗನನ್ನೇ ಹಿಡಿದುಕೊಟ್ಟವಳೆಂದು ಕೆಲವರು. ಎರಡೂ ಕಡೆಯಿಂದ ತಪ್ಪು ಅವಳದೇ! ಹೊರಗೆ ಬಿಡದ ಕಾರಣ ನಾನು ಕಿಟಕಿಯಲ್ಲಿ ಕುಳಿತು ಅವಳನ್ನೇ ನೋಡುತ್ತಿದ್ದೆ. ಪೂಜೆಯ ಹೊತ್ತಿಗೆ ಬಾಗಿಲಿಗೆ ಬೆನ್ನು ಮಾಡಿ, ಎಡಗೈ ಎದೆಗೆ ಹತ್ತಿರ ಹಿಡಿದು, ಅದರ ಮೇಲೆ ಸೆರಗು ಮುಚ್ಚಿ ಕೂರುತ್ತಿದ್ದಳು. ಉಣ್ಣುವುದು ದಿನಕ್ಕೆ ಒಂದೇ ಸಲ. ನನಗೂ ಮಾತಾಡಲು ಯಾರೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಆದರೂ ಓಣಿ ದಾಟಿ ಹೋಗಿ ಅವಳ ಹತ್ತಿರ ಕೂರಬಹುದೆಂದು ನನಗೆ ಹೊಳೆಯಲೇ ಇಲ್ಲ.

ನಾನು ಸೀರೆ ಉಡುವ ಹೊತ್ತಿಗೆ ಕಾಕಾ ಉಸ್ಮಾನಾಬಾದದಿಂದ ಲಿಂಗ ತಂದ. ಸುತ್ತಿದ ಅರಿವೆಯ ಮೇಲೆ ಉರ್ದುವಿನ ಒಂದು ಚೀಟಿ, ಅದರ ಮೇಲೆ ಮರಾಠಿಯ ಇನ್ನೊಂದು. ಅಯ್ಯನವರು ದಿನ ನೋಡಿ ಸಮಾಧಿಯಲ್ಲಿ ಇಡೋಣವೆಂದರು. ಅಷ್ಟು ವರ್ಷ ಅದಕ್ಕಾಗಿಯೇ ಬಾಯಿ ಬಿಟ್ಟುಕೊಂಡು ಕಾದ ಕಾಕಿ ಬೇಡವೆಂದಳು. ಮಲಗಿದ ಮಗುವನ್ನು ಮತ್ತೆ ಎಬ್ಬಿಸಬಾರದು ಎಂದು ಹೇಳಿ, ಲಿಂಗವನ್ನು ದೇವರ ಜಗಲಿಯ ಮೇಲಿಟ್ಟುಕೊಂಡಳು. ಹುಚ್ಚು ಹಿಡಿದಿದೆ ಎಂದು ಊರು ಆಡಿಕೊಂಡಿತು. ನನ್ನ ಅವ್ವನೂ ಆಡಿಕೊಂಡಳು.

ಉಮರ್ಗಾ ಕಡೆಯವರಿಗೆ ನನ್ನನ್ನು ಕೊಡುವ ಮಾತು ನಡೆದಿದ್ದ ಬೇಸಿಗೆಯಲ್ಲಿ ಆಯಿ ಸತ್ತಳು. ಸತ್ತದ್ದು ಬೆಳಿಗ್ಗೆ, ಗೊತ್ತಾದದ್ದು ಮಧ್ಯಾಹ್ನ. ಇನ್ನೇನು, ಹೆಣವನ್ನು ಹಾಗೇ ಬಿಡಲಾಗುವುದಿಲ್ಲ. ಅವ್ವ ಮತ್ತು ಇನ್ನೊಬ್ಬರು ಮೈ ತೊಳೆಯಲು ಹೋದರು, ನೀರು ತರಲು ನಾನೂ ಹೋದೆ. ಅಂಗೈಯಲ್ಲಿ ಇಡಲೆಂದು ಕೊರಳಿನ ಗಂಟು ಬಿಚ್ಚಿದರೆ ಅದರೊಳಗೆ ಏನೂ ಇರಲಿಲ್ಲ. ಮನೆಯೆಲ್ಲ ಹುಡುಕಿದರು. ಲಿಂಗಪೂಜೆಯಿಲ್ಲದೆ ಉಣ್ಣಬಾರದು, ಅದನ್ನು ಕಳೆದುಕೊಂಡೂ ಅನ್ನ ಉಂಡವಳನ್ನು ನಾನು ಮುಟ್ಟುವುದಿಲ್ಲ ಎಂದು ಅಯ್ಯನವರು ಅಂಗಳಕ್ಕೆ ಇಳಿದರು. 

ಆಗ ಕಾಕಿ ಬಂದಳು. ಆ ಹೊಸ್ತಿಲನ್ನು ಅವಳು ತುಳಿದದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು.

"ಇಕಿ ಲಿಂಗ ಕಳಕೊಂಡಿಲ್ಲರೀ. ನನ್ನ ಮಗಳ ಬಲ್ಲಿ ಅದ" ಎಂದಳು.

ಪೊಲೀಸರು ಮಗುವಿನ ಲಿಂಗವನ್ನು ಒಯ್ದ ಮರುದಿನವೇ ಆಯಿ ತನ್ನ ಲಿಂಗವನ್ನು ಬಿಚ್ಚಿ ಕಾಕಿಗೆ ಕೊಟ್ಟಿದ್ದಳಂತೆ. ನಿನ್ನ ಮಗಳದು ತಿರುಗಿ ಬರುವವರೆಗೆ ನನ್ನದು ಅವಳ ಕೈಯಲ್ಲಿರಲಿ, ಬರಿಗೈಲಿ ಕೂರುವುದು ಬೇಡ ಎಂದಿದ್ದಳಂತೆ. ಕಾಕಿ ತಾನೇ ಹೋಗಿ ಮಣ್ಣು ಕೆದರಿ ಅದನ್ನು ಮಗಳ ಸಮಾಧಿಯೊಳಗೆ ಇಟ್ಟು ಬಂದಿದ್ದಳು. ಅಂದಿನಿಂದ ಆಯಿ ಬರಿಯ ಅಂಗೈ ನೋಡಿಕೊಂಡು ಪೂಜೆ ಮಾಡಿದ್ದಳು. ಇದನ್ನು ಕಾಕಾನಿಗೂ ಹೇಳಿರಲಿಲ್ಲ. ಅಯ್ಯನವರು ಅಂಗಳದಿಂದ ಮತ್ತೆ ಒಳಗೆ ಬಂದರು.

ಕಾಕಿ ಸೆರಗಿನ ಗಂಟಿನಿಂದ ಮಗಳ ಲಿಂಗವನ್ನು ತೆಗೆದಳು. ಗೋಡೆಗೆ ಆನಿಸಿ ಕೂರಿಸಿದ್ದ ಆಯಿಯ ಎಡಗೈ ಬಿಡಿಸಿ ಅದರಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. "ಬಂದ ದಿನಾನೇ ಕೊಡಬೇಕಿತ್ತು ಅತ್ತಿ. ನನ್ನ ಕೈ ಏಳಲಿಲ್ಲ" ಎಂದಳು. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ಇಟ್ಟಳು. ನೀರಿನ ಕೊಡ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದರಿಂದ ನನಗೆ ಕೇಳಿಸಿತು.

"ಅಲ್ಲಿ ಆಕಿ ನಿನಗ ನೋಡಿ ಅಂಜ್ತಾಳ. ಮಗ ನನ್ನ ಸಂಗಾಟ ಬಂದಿಲ್ಲ ಅಂತ ಮೊದಲ ಹೇಳು."

ಹೇಳಿ ಎದ್ದು, ಹೆಣ ಎತ್ತಲು ಬಂದವರಿಗೆ ದಾರಿ ಬಿಟ್ಟು ನಿಂತಳು.