ಹೆಪ್ಪುಗಟ್ಟದ ನೀರಿಗೆ ಆಂಟಿಫ್ರೀಜ್

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ಪಕ್ಕದ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಅದಕ್ಕೆ ಮುಂಚೆ ಸಾಲಿಗ್ರಾಮದ ಕಡೆ, ಆಮೇಲೆ ಪಿರಿಯಾಪಟ್ಟಣದ ಹಾರನಹಳ್ಳಿ ಕಡೆ ಕೆಲಸ ಮಾಡಿದ್ದೆ. ಹಸು ನಿಂತಿರುವ ರೀತಿ ನೋಡಿಯೇ ಕಾಯಿಲೆ ಹೇಳುತ್ತೇನೆ ಎಂಬ ಜಂಭ ನನಗಿತ್ತು. ಜನ ಅದನ್ನು ನಂಬಿದ್ದರು, ನಾನಂತೂ ಅವರಿಗಿಂತ ಹೆಚ್ಚಾಗಿ ನಂಬಿದ್ದೆ.

ನಡೆದದ್ದರ ಅರ್ಧ ಭಾಗ ನನಗೆ ತಡವಾಗಿ ತಿಳಿಯಿತು. ಓದುವವರಿಗೆ ಗೊಂದಲ ಬೇಡ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿನ್ನೀರಿನ ದಡದಲ್ಲಿ ಒಂದು ರೆಸಾರ್ಟ್ ಇತ್ತು. ಹೆಸರು ಬೇಡ. ಅವರು ಆ ವರ್ಷ ಪ್ರವಾಸಿಗರನ್ನು ಸುತ್ತಿಸಲು ಎರಡು ದೊಡ್ಡ ಬೋಟು ತರಿಸಿದ್ದರು. ಎಂಜಿನ್‌ಗಳು ಹೊರದೇಶದವು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೋಟುಗಳನ್ನು ದಡಕ್ಕೆ ಎಳೆದು, ಶೆಡ್ಡಿನಲ್ಲಿಟ್ಟು, ದಸರೆಗೆ ಮುಂಚೆ ಮತ್ತೆ ನೀರಿಗಿಳಿಸಬೇಕು. ಹೀಗೆ ತಿಂಗಳುಗಟ್ಟಲೆ ಸುಮ್ಮನಿಡುವಾಗ ಏನೇನು ಮಾಡಬೇಕು ಎಂದು ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಒಂದು ಪುಟವಿತ್ತು. ಅದರ ತಲೆಬರಹ 'ವಿಂಟರ್ ಸ್ಟೋರೇಜ್'. ಚಳಿ ದೇಶಗಳಲ್ಲಿ ಎಂಜಿನ್ ಒಳಗೆ ಉಳಿದ ನೀರು ಹೆಪ್ಪುಗಟ್ಟಿ, ಉಬ್ಬಿ, ಕಬ್ಬಿಣವನ್ನೇ ಸೀಳಿಬಿಡುತ್ತದಂತೆ. ಅದಕ್ಕೆ ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದ ದ್ರವವೊಂದನ್ನು ತುಂಬಿಸಿಡುತ್ತಾರೆ. ಅದೇ ಆಂಟಿಫ್ರೀಜ್. ನಮ್ಮ ಕಡೆ ಡಿಸೆಂಬರ್‌ನಲ್ಲಿ ಮೈ ನಡುಗುವ ಚಳಿ ಉಂಟು, ನೀರು ಕಲ್ಲಾಗುವ ಚಳಿ ಇಲ್ಲ. ಆದರೆ ಪುಸ್ತಕದಲ್ಲಿ ಮಳೆಗಾಲಕ್ಕೆ ಅಂತ ಬೇರೆ ಪುಟವಿರಲಿಲ್ಲ. ಇದ್ದ ಪುಟಕ್ಕೆ ಟಿಕ್ ಹಾಕದಿದ್ದರೆ ವಾರಂಟಿ ಹೋಗುತ್ತದೆ ಎಂದು ಮ್ಯಾನೇಜರ್ ಹಟ ಹಿಡಿದರು. ಮೆಕ್ಯಾನಿಕ್ ಲೋಕೇಶ, ಹುಣಸೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದವನು, ಹೇಳಿದ ಹಾಗೆ ಎರಡು ಎಂಜಿನ್‌ಗೂ ಆಂಟಿಫ್ರೀಜ್ ತುಂಬಿಸಿದ.

ನವರಾತ್ರಿಗೆ ವಾರವಿದ್ದಾಗ, ಒಂದು ಮಂಗಳವಾರ, ಅದನ್ನು ಹೊರಗೆ ಬಸಿದ. ಸುಮಾರು ಇಪ್ಪತ್ತು ಲೀಟರ್. ಹಿನ್ನೀರಿಗೆ ಸುರಿದರೆ ಮೀನು ಸಾಯುತ್ತವೆ ಎಂದು ಸುರಿಯಲಿಲ್ಲ. ಅಡುಗೆಮನೆಯಿಂದ ಎರಡು ಖಾಲಿ ಕ್ಯಾನ್ ಕೇಳಿ ತಂದು, ಅದರಲ್ಲಿ ತುಂಬಿ, ಹಿತ್ತಿಲ ಗೋಡೆಗೆ ಒರಗಿಸಿಟ್ಟು ಊಟಕ್ಕೆ ಹೋದ. ಆ ಕ್ಯಾನ್‌ಗಳು ಶರಬತ್ತಿನವು. ಬಂದ ಅತಿಥಿಗಳಿಗೆ ಮೊದಲು ಒಂದು ಲೋಟ ಹಸಿರು ಶರಬತ್ತು ಕೊಡುವುದು ಅಲ್ಲಿನ ಪದ್ಧತಿ. ಆಂಟಿಫ್ರೀಜ್ ಬಣ್ಣವೂ ಹಸಿರೇ.

ಪಾತ್ರೆ ತೊಳೆಯುವ ಸಾಕಮ್ಮ ಅದನ್ನು ನೋಡಿದಳು. ಉಳಿದ ಶರಬತ್ತನ್ನು ಯಾರೋ ಚೆಲ್ಲಲು ಇಟ್ಟಿದ್ದಾರೆ ಅಂದುಕೊಂಡಳು. ಹಿತ್ತಿಲಲ್ಲಿ ಒಂದು ನೀಲಿ ಡ್ರಮ್ ಇತ್ತು, ಕಲಗಚ್ಚಿನದು. ಅಕ್ಕಿ ತೊಳೆದ ನೀರು, ಅನ್ನದ ಗಂಜಿ, ಪಾತ್ರೆ ಬಳಿದ ನೀರು, ಇವನ್ನೆಲ್ಲ ಹಸುವಿಗೆಂದು ಕೂಡಿಡುವುದು ನಮ್ಮ ಸೀಮೆಯಲ್ಲಿ ಪ್ರತಿ ಅಡುಗೆಮನೆಯ ರೂಢಿ. ಸಾಕಮ್ಮನ ಊರಿನವಳೇ ಆದ ಪುಟ್ಟಮಾದಮ್ಮ ದಿನಾ ಸಂಜೆ ಬಂದು ಅದನ್ನು ಹೊತ್ತೊಯ್ಯುತ್ತಿದ್ದಳು. ಪಾಪದ ಹೆಂಗಸಿನ ಹಸುವಾದರೂ ಕುಡಿಯಲಿ ಎಂದು ಸಾಕಮ್ಮ ಎರಡೂ ಕ್ಯಾನನ್ನು ಡ್ರಮ್ಮಿಗೆ ಬಗ್ಗಿಸಿದಳು. ಇದರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇಲ್ಲ. ಈಗಲೂ ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಪುಟ್ಟಮಾದಮ್ಮ ಕರೆಸಿದಳು. ಅವಳ ಕೊಟ್ಟಿಗೆಯಲ್ಲಿ ಎರಡೇ ರಾಸು. ಗೌರಿ ಎಂಬ ಹಾಲು ಕರೆಯುವ ಸೀಮೆಹಸು, ಅದರ ಮಗಳು ಕೆಂಪಿ. ಕೆಂಪಿ ಆರು ತಿಂಗಳ ಚೊಚ್ಚಲ ಗಬ್ಬ. ಗಂಡ ಲಾರಿಯಲ್ಲಿ ಊರೂರು ತಿರುಗುವವನು. ಮನೆ ನಡೆಯುತ್ತಿದ್ದದ್ದು ಗೌರಿಯ ಹಾಲಿನಿಂದ, ಮುಂದೆ ನಡೆಯಬೇಕಾದದ್ದು ಕೆಂಪಿಯಿಂದ.

ಗೌರಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ನಾಲ್ಕು ಹೆಜ್ಜೆ ನಡೆಸಿದರೆ ಹಿಂಗಾಲು ತೂರಾಡುತ್ತಿತ್ತು. ಏದುಸಿರು. ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಸದ್ದೇ ಇಲ್ಲ.

"ರಾತ್ರಿಯಿಂದ ಇಂಗೇ ಸಾ. ಕುಡ್ದೋರಂಗೆ ತೂರಾಡ್ತದೆ," ಎಂದಳು ಪುಟ್ಟಮಾದಮ್ಮ.

"ನಿನ್ನ ಗಂಡನ ಬಾಟಲಿ ಎಲ್ಲಿಟ್ಟಿದ್ದೀಯೋ ನೋಡ್ಕೋ," ಎಂದೆ. ಸುತ್ತ ನಿಂತಿದ್ದವರು ನಕ್ಕರು. ನನಗೂ ನಗು ಬಂತು.

ಕಾಯಿಲೆ ಯಾವುದೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ರೆಸಾರ್ಟುಗಳು ಬಂದ ಮೇಲೆ ಆ ಊರುಗಳಲ್ಲಿ ಹಸುಗಳಿಗೆ ಮಿಕ್ಕ ಅನ್ನ ಸುರಿಯುವುದು ಹೆಚ್ಚಾಗಿತ್ತು. ಅನ್ನ ಜಾಸ್ತಿಯಾದರೆ ಹಸುವಿನ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಅದಕ್ಕೆ ಆಸಿಡೋಸಿಸ್ ಎನ್ನುತ್ತೇವೆ. ಅದರಲ್ಲೂ ಹಸು ತೂರಾಡುತ್ತದೆ, ಏದುಸಿರು ಬಿಡುತ್ತದೆ. ಆ ತಿಂಗಳಲ್ಲೇ ಅಂಥ ನಾಲ್ಕು ಕೇಸು ನೋಡಿದ್ದೆ.

"ಎಷ್ಟು ಅನ್ನ ಹಾಕಿದೆ?"

"ಅನ್ನ ಆಕಿಲ್ಲ ಸಾ. ಬರೀ ಕಲಗಚ್ಚು ಕುಡ್ಸಿವ್ನಿ. ಅದು ಯಾಕೋ ಸೀಗಿತ್ತು, ಬೆಳ್ಳಲ್ಲಿ ನೆಕ್ಕಿ ನೋಡ್ದೆ. ಪಾಯ್ಸದ ಪಾತ್ರೆ ತೊಳ್ದವ್ರೇನೋ ಅನ್ಕಂಡು..."

"ಸಾಕು, ನಿಲ್ಸಮ್ಮ. ಅನ್ನ ಹಾಕೋದು, ಆಮೇಲೆ ಹಾಕಿಲ್ಲ ಅನ್ನೋದು. ಹಸು ಸಾಯ್ಸೋಕೆ ವಿಷ ಬೇಕಾಗಿಲ್ಲ, ನಿಮ್ಮಂಥೋರ ಪ್ರೀತಿ ಸಾಕು!"

ಬೀದಿಯವರೆಲ್ಲ ಕೇಳುವಂತೆಯೇ ಬೈದೆ. ಅವಳ ಅತ್ತೆ ಜಗಲಿಯ ಮೇಲೆ ಕೂತು ಕೇಳಿಸಿಕೊಂಡರು. 

ಹುಳಿ ಇಳಿಸುವ ಸೋಡಾ ಬೈಕಾರ್ಬ್ ಡ್ರಿಪ್ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಗೌರಿಯ ಉಸಿರು ಇಳಿಯಿತು, ಸ್ವಲ್ಪ ಗೆಲುವಾಯಿತು. ಈ ವಿಷ ದೇಹದಲ್ಲಿ ಹುಳಿಯನ್ನೇ ಏರಿಸುತ್ತದೆ, ಹಾಗಾಗಿ ಆ ಡ್ರಿಪ್ಪಿಗೆ ತಾತ್ಕಾಲಿಕವಾಗಿ ಬಗ್ಗುತ್ತದೆ. ನನಗದು ಗೊತ್ತಿರಲಿಲ್ಲ. ನನ್ನ ಊಹೆಯೇ ಸರಿ ಅಂದುಕೊಂಡೆ. ಹೊರಡುವಾಗ, ಅವಳು ರೆಸಾರ್ಟಿನಿಂದ ತಂದ ಕಲಗಚ್ಚು ತುಂಬಿಟ್ಟಿದ್ದ ಕೊಟ್ಟಿಗೆಯ ಡ್ರಮ್ಮಿನ ಕಡೆ ನೋಡಿದೆ. ಇನ್ನೂ ಅರ್ಧ ಇತ್ತು. ತಳದಲ್ಲಿ ಅನ್ನದ ಅಗುಳು ಕೂತಿತ್ತು.

"ಇದನ್ನ ಏನ್ ಮಾಡ್ಲಿ ಸಾ, ಚೆಲ್ಬುಡ್ಲಾ?" ಎಂದು ಕೇಳಿದಳು.

"ತಳದ ಗಸಿ ಚೆಲ್ಲು. ಮೇಲಿನ ತಿಳಿ ಕೊಟ್ಟರೆ ಏನೂ ಆಗಲ್ಲ," ಎಂದೆ.

ಆಂಟಿಫ್ರೀಜ್ ನೀರಿನಲ್ಲಿ ಪೂರ್ತಿ ಬೆರೆತುಹೋಗುತ್ತದೆ, ತಳಕ್ಕೆ ಕೂರುವುದಿಲ್ಲ. ಪುಟ್ಟಮಾದಮ್ಮ ನಾನು ಹೇಳಿದಂತೆ ನಿಧಾನವಾಗಿ ತಿಳಿ ಬಗ್ಗಿಸಿಕೊಂಡು, ಅಗುಳನ್ನು ತಿಪ್ಪೆಗೆ ಚೆಲ್ಲಿ, ಸಂಜೆ ಕೆಂಪಿಗೆ ಕುಡಿಸಿದಳು. ಕೆಂಪಿ ಅಲ್ಲಿಯವರೆಗೆ ಅದನ್ನು ಮುಟ್ಟಿರಲಿಲ್ಲ. ಮಂಗಳವಾರ ಸಂಜೆ ಕೊಟ್ಟದ್ದನ್ನೆಲ್ಲ ಗೌರಿಯೇ ಕುಡಿದಿತ್ತು.

ಗುರುವಾರ ಬೆಳಿಗ್ಗೆ ಹೋದಾಗ ಗೌರಿ ಮಲಗಿತ್ತು. ಹಿಂದಿನ ಸಂಜೆಯಿಂದ ಗಂಜಲ ಹಾಕಿರಲಿಲ್ಲ. ಪಕ್ಕದಲ್ಲಿ ಕೆಂಪಿ ನಿಂತಿತ್ತು. ನಿಂತಲ್ಲೇ ತೂರಾಡುತ್ತಿತ್ತು. ಒಂದು ಅಗುಳು ಅನ್ನ ತಿನ್ನದ ಕಡಸು.

ಕೆಂಪಿ ಹಾಕಿದ ಒಂದಿಷ್ಟು ಗಂಜಲವನ್ನು ಬಾಟಲಿಗೆ ಹಿಡಿದು ಆಸ್ಪತ್ರೆಗೆ ಓಡಿದೆ. ಮೈಕ್ರೋಸ್ಕೋಪ್ ಕೆಳಗೆ ಚೌಕ ಚೌಕದ ಹರಳುಗಳು ತುಂಬಿದ್ದವು. ಕ್ಯಾಲ್ಸಿಯಂ ಆಕ್ಸಲೇಟ್. ಕಾಲೇಜಿನಲ್ಲಿ ಓದಿದ್ದು ಆಗ ನೆನಪಾಯಿತು. ಎಥಿಲೀನ್ ಗ್ಲೈಕಾಲ್, ಆಂಟಿಫ್ರೀಜ್ ಎಂದು ರೇಡಿಯೇಟರ್‌ಗೆ ಹಾಕುವ ವಸ್ತು, ರುಚಿ ಸಿಹಿ. ದೇಹವೇ ಅದನ್ನು ಅರಗಿಸುತ್ತ ಅರಗಿಸುತ್ತ ವಿಷವಾಗಿಸುತ್ತದೆ. ಆ ವಿಷ ಹರಳಾಗಿ ಮೂತ್ರಪಿಂಡವನ್ನು ಕಟ್ಟಿಬಿಡುತ್ತದೆ.

ಆ ಕಲಗಚ್ಚು ಬಂದದ್ದು ರೆಸಾರ್ಟಿನಿಂದ. ಸ್ಕೂಟರ್ ತಿರುಗಿಸಿಕೊಂಡು ನೇರ ಅಲ್ಲಿಗೆ ಹೋದೆ. ಶೆಡ್ಡಿನಲ್ಲಿ ಬೋಟು ಒರೆಸುತ್ತಿದ್ದ ಲೋಕೇಶನನ್ನು ಕೇಳಿದ ಕೂಡಲೇ ಎಲ್ಲ ಹೊರಬಿತ್ತು. ಹಿತ್ತಿಲಿಗೆ ಓಡಿ ಖಾಲಿ ಕ್ಯಾನ್ ನೋಡಿದ. ಅಲ್ಲೇ ನಿಂತಿದ್ದ ಸಾಕಮ್ಮ ತಾನು ಮಾಡಿದ್ದನ್ನು ಹೇಳಿದಳು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಇಲ್ಲಿ ಎಲ್ಲಿ ಸಾ ಐಸ್ ಬೀಳ್ತದೆ ಅಂತ ನಾನೂ ಕೇಳ್ದೆ. ಬುಕ್ಕಲ್ಲಿ ಐತೆ, ಆಕು ಅಂದ್ರು. ಆಕ್ದೆ. ಮೀನು ಸಾಯ್ತವೆ ಅಂತ ನೀರಿಗೂ ಬುಡ್ನಿಲ್ಲ ಕಣ್ ಸಾ."

ಅವನನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಅವನಾದರೂ ಒಂದು ಪ್ರಶ್ನೆ ಕೇಳಿದ್ದ.

ಇದಕ್ಕೆ ಹಳ್ಳಿಯಲ್ಲಿ ಸಿಗುವ ಮದ್ದು ಒಂದೇ, ಆಲ್ಕೊಹಾಲ್. ಗ್ಲೈಕಾಲನ್ನು ವಿಷವಾಗಿಸುವ ಕಿಣ್ವವೇ ಆಲ್ಕೊಹಾಲನ್ನೂ ಅರಗಿಸುತ್ತದೆ. ಅದಕ್ಕೆ ಆಲ್ಕೊಹಾಲ್ ಕೆಲಸ ಕೊಟ್ಟರೆ ಗ್ಲೈಕಾಲ್ ಹಾಗೇ ಹೊರಟುಹೋಗುತ್ತದೆ. ಆದರೆ ಮೊದಲ ಕೆಲವು ಗಂಟೆಗಳಲ್ಲೇ ಕೊಡಬೇಕು. ವೈನ್‌ಶಾಪಿನಿಂದ ರಮ್ ತರಿಸಿ, ನೀರು ಬೆರೆಸಿ, ನಳಿಕೆಯಲ್ಲಿ ಕೆಂಪಿಯ ಹೊಟ್ಟೆಗೆ ಬಿಟ್ಟಾಗ ಮಧ್ಯಾಹ್ನ ಒಂದೂವರೆ. ಅದು ಕಲಗಚ್ಚು ಕುಡಿದು ಇಪ್ಪತ್ತು ಗಂಟೆಯ ಹತ್ತಿರವಾಗಿತ್ತು. ಮೂರು ಗಂಟೆಗೆ ಗೌರಿ ಸತ್ತಿತು. ನಾನು ಸಂಜೆಯವರೆಗೂ ಕೆಂಪಿಯ ಪಕ್ಕ ಕೂತು ಡ್ರಿಪ್ ಬದಲಿಸುತ್ತಿದ್ದೆ. ಪುಟ್ಟಮಾದಮ್ಮ ಗಂಜಲಕ್ಕಾಗಿ ಬಕೆಟ್ ಹಿಡಿದು ಕಾದಳು. ಬಕೆಟ್ ಒಣಗಿಯೇ ಉಳಿಯಿತು.

ಶುಕ್ರವಾರ ಬಿಸಿಲೇರುವ ಹೊತ್ತಿಗೆ ಕೆಂಪಿಯೂ ಹೋಯಿತು. ಪೋಸ್ಟ್‌ಮಾರ್ಟಂ ನಾನೇ ಮಾಡಿದೆ. ಮೂತ್ರಪಿಂಡ ಕೊಯ್ದಾಗ ಚಾಕುವಿಗೆ ಮರಳು ತಾಕಿದಂತಾಯಿತು. ಗರ್ಭದಲ್ಲಿದ್ದದ್ದು ಹೆಣ್ಣುಕರು. ಅದನ್ನು ಯಾರಿಗೂ ಹೇಳಲಿಲ್ಲ.

ಕೈ ತೊಳೆದುಕೊಂಡು ಬಂದಾಗ ಅತ್ತೆಯ ದನಿ ಬೀದಿಯ ತುದಿಗೂ ಕೇಳುತ್ತಿತ್ತು. "ಡಾಕ್ಟ್ರು ಅವತ್ತೇ ಯೋಳುದ್ರು. ಅನ್ನ ಉಣ್ಸಿ ಕೊಂದ್ಲು. ಗಬ್ಬದ್ ರಾಸು ಕೊಂದ ಪಾಪ ಈ ಮನೇಗೆ ತಂದ್ಲು." ಎರಡು ದಿನದಿಂದ ಪುಟ್ಟಮಾದಮ್ಮ ಈ ಮಾತು ಕೇಳುತ್ತಿದ್ದಳಂತೆ. ಅತ್ತೆ ಅವಳಿಗೆ ಮನೆಯೊಳಗಿನ ಒಲೆಯನ್ನೂ ಮುಟ್ಟಗೊಟ್ಟಿರಲಿಲ್ಲವಂತೆ.

ಕೊಟ್ಟಿಗೆಯಲ್ಲಿ ಪುಟ್ಟಮಾದಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೋಟು, ಎಂಜಿನ್, ಶರಬತ್ತಿನ ಕ್ಯಾನ್. ಅವಳು ಕಂಬಕ್ಕೆ ಒರಗಿ ಕೇಳಿಸಿಕೊಂಡಳು. ಅಳಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ತಿಳಿ ಕುಡ್ಸು ಅಂತ ನೀವು ಯೋಳ್ದೆ ಇದ್ದಿದ್ರೆ ಕೆಂಪಿ ಉಳೀತಿತ್ತಾ ಸಾ?"

ಆ ಹೊತ್ತಿನಲ್ಲಿ ಹೇಳಬಹುದಾದ ಸುಳ್ಳುಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಹಣೆಬರಹ ಅನ್ನಬಹುದಿತ್ತು, ಹೇಳೋಕಾಗಲ್ಲ ಅನ್ನಬಹುದಿತ್ತು. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಅಂದಿದ್ದೇನೆ.

"ಉಳೀತಿತ್ತು," ಎಂದೆ. "ತಪ್ಪು ನಂದು ಕಣಮ್ಮ."

"ಅಂಗಾರೆ ಅದ್ನ ಬೀದೀಲಿ ನಿಂತ್ಕಂಡು ಯೋಳಿ. ಬೋದಿದ್ದೂ ಬೀದೀಲೇ."

ಹೋಗಿ ನಿಂತೆ. ಅಂದು ನಕ್ಕಿದ್ದವರೆಲ್ಲ ಇದ್ದರು. ಅನ್ನದಿಂದ ಸತ್ತದ್ದಲ್ಲ, ಈಕೆ ಮೊದಲೇ ಹೇಳಿದ್ದನ್ನು ನಾನು ಕೇಳಲಿಲ್ಲ, ಕೆಂಪಿಗೆ ವಿಷ ಕುಡಿಸಿದ್ದು ನನ್ನ ಮಾತು ಎಂದೆ. ದನಿ ಸಣ್ಣದಾಗಿತ್ತು. ಯಾರೋ ಒಬ್ಬರು, "ಏನಂದ್ರು?" ಎಂದರು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಅತ್ತೆ ಜಗಲಿಯಿಂದ ಎದ್ದು ಒಳಗೆ ಹೋದರು. ಆಮೇಲೆ ಆಸ್ಪತ್ರೆಗೆ ಹೋಗಿ, ರಿಜಿಸ್ಟರಿನಲ್ಲಿ ಬುಧವಾರ ಬರೆದಿದ್ದ 'ಅನ್ನ ತಿಂದು ಆಸಿಡೋಸಿಸ್' ಎಂಬುದರ ಕೆಳಗೆ ಬೀದಿಯಲ್ಲಿ ಹೇಳಿದ ಮಾತುಗಳನ್ನೇ ಬರೆದು ಸಹಿ ಮಾಡಿದೆ. ತಮ್ಮ ತಪ್ಪಿಲ್ಲವೆಂದು ತೋರಿಸಲು ರೆಸಾರ್ಟಿನವರು ಆ ಪುಟದ ನಕಲು ಕೇಳಿಕೊಂಡು ಬಂದಾಗ ಎರಡೂ ಸಾಲು ಸೇರಿಸಿಯೇ ಕೊಟ್ಟೆ. ದಸರೆಗೆ ಅವರ ಬೋಟುಗಳು ನೀರಿಗಿಳಿದವು. ಪುಟ್ಟಮಾದಮ್ಮ ಮುಂದಿನ ತಿಂಗಳಿಂದ ಅದೇ ರೆಸಾರ್ಟಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಮತ್ತೆ ಹಸು ಕಟ್ಟಲಿಲ್ಲ.

ಈಗ ಕಿರಿಯ ವೈದ್ಯರು ಯಾರಾದರೂ ಅನುಭವ ಕೇಳಿದರೆ ಈ ಕೇಸನ್ನೇ ಹೇಳುತ್ತೇನೆ. ಹಸುವನ್ನು ಮುಟ್ಟುವ ಮುಂಚೆ ಕಟ್ಟಿದವರ ಮಾತು ಪೂರ್ತಿ ಮುಗಿಯಲಿ ಎನ್ನುತ್ತೇನೆ. ತೂರಾಡುತ್ತಿದೆ, ಅನ್ನ ಹಾಕಿಲ್ಲ, ಕುಡಿದದ್ದು ಸಿಹಿಯಾಗಿತ್ತು. ಮೊದಲ ದಿನ ಮೊದಲ ಐದು ನಿಮಿಷದಲ್ಲೇ ಪುಟ್ಟಮಾದಮ್ಮ ಎಲ್ಲವನ್ನೂ ಹೇಳಿದ್ದಳು. ವಿಷದ ಹೆಸರೊಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅದಷ್ಟನ್ನು ಹೇಳುವುದಕ್ಕೆ ಸರ್ಕಾರ ನನ್ನನ್ನು ಅಲ್ಲಿ ಇಟ್ಟಿತ್ತು.