ವರ್ಣಭೇದ ಮಾಡದ ಕಣ್ಣು

ಮೊನ್ನೆ ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ನಾನು ನೀಲಿಯೆಂದು ಆರಿಸಿದ ಅಂಗಿಯನ್ನು ಹೆಂಡತಿ ಹಸಿರೆಂದು ತೀರ್ಮಾನಿಸಿದಳು; ದಾಂಪತ್ಯದ ಹಿತದೃಷ್ಟಿಯಿಂದ ನನ್ನ ದೃಷ್ಟಿಯೇ ಸರಿಯಿಲ್ಲವೆಂದು ಒಪ್ಪಿಕೊಂಡೆ. ವರ್ಣಭೇದ ತಪ್ಪೆಂದು ಲೋಕವೆಲ್ಲ ಸಾರಿದರೂ ಕಣ್ಣಿಗೆ ಅದೇ ಕಸುಬು, ನೋಡಿ. ಅದರ ಒಳಪರದೆಯಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿದ್ದು, ಅವು ಕೂಡಿಯೇ ಜಗತ್ತಿಗೆ ಬಣ್ಣ ಬಳಿಯುತ್ತವಂತೆ. ಅವುಗಳಲ್ಲೊಂದು ಕೈಕೊಟ್ಟರೆ ಏನಾಗುತ್ತದೆಂದು ನಾನು ತಿಳಿದದ್ದು ಪುಸ್ತಕದಿಂದಲ್ಲ, ಚಿಕ್ಕಪ್ಪನಿಂದ.

ಜಾವಳಿಯ ಹತ್ತಿರ ನಮಗಿದ್ದ ಸಣ್ಣ ಕಾಫಿ ತೋಟದಲ್ಲಿ ಕುಯ್ಲಿನ ಕಾಲಕ್ಕೆ ಮನೆಮಂದಿಯೆಲ್ಲ ಗಿಡಗಳ ಸಾಲಿಗಿಳಿಯುತ್ತಿದ್ದೆವು. ಕೆಂಪಗೆ ಮಾಗಿದ ಹಣ್ಣನ್ನಷ್ಟೇ ಬಿಡಿಸಿ, ಹಸಿರು ಕಾಯಿಯನ್ನು ಗಿಡದಲ್ಲೇ ಬಿಡಬೇಕೆಂಬುದು ಅಜ್ಜನ ಕಟ್ಟಪ್ಪಣೆ. ಚಿಕ್ಕಪ್ಪನ ಬುಟ್ಟಿಯಲ್ಲಿ ಮಾತ್ರ ಹಣ್ಣು, ಕಾಯಿ ಬೆರೆತೇ ಇರುತ್ತಿದ್ದವು.

"ಕಣ್ಣು ಎಲ್ಲಿಟ್ಕೊಂಡಿದ್ದೀಯ ಮಾರಾಯ? ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?" ಎಂದು ಅಜ್ಜ ಎಲ್ಲರೆದುರಿಗೇ ಗದರುತ್ತಿದ್ದರು. ಕೇಳಿ ಕೇಳಿ, ತಾನು ಸೋಮಾರಿಯೇ ಇರಬೇಕೆಂದು ಚಿಕ್ಕಪ್ಪನೂ ನಂಬಿಬಿಟ್ಟಿದ್ದ.

ತೋಟದ ಸಹವಾಸವೇ ಬೇಡವೆಂದು ಅವನು ಒಂದು ವರ್ಷ, ಕುಯ್ಲಿನ ನಡುವೆಯೇ, ಕುದುರೆಮುಖದ ಕಡೆ ಲಾರಿ ಓಡಿಸುವ ಕೆಲಸ ಕೇಳಿಕೊಂಡು ಹೋದ. ಕಣ್ಣು ಪರೀಕ್ಷಿಸಿದ ಡಾಕ್ಟರು ಬಣ್ಣಬಣ್ಣದ ಚುಕ್ಕಿಗಳ ಪುಟ ತೆರೆದು, ಅದರಲ್ಲಿ ಅಡಗಿದ್ದ ಅಂಕಿಯನ್ನು ಓದಲು ಹೇಳಿದರಂತೆ. ಅವನಿಗೆ ಚುಕ್ಕಿಗಳಷ್ಟೇ ಕಂಡವು. ಕೆಲಸ ಸಿಗದೆ ಸಂಜೆ ಮನೆಗೆ ಬಂದವನ ಮುಖದಲ್ಲಿ ನಾವು ಹಿಂದೆಂದೂ ಕಾಣದ ಗೆಲುವಿತ್ತು.

"ಅಪ್ಪಯ್ಯ, ನಂಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣ್ತವಂತೆ. ಹುಟ್ಟಿದಾಗಿಂದ್ಲೂ ಹಂಗೇ ಅಂತೆ. ನಾನು ಸೋಮಾರಿ ಅಲ್ಲ," ಎಂದ.

ಅಜ್ಜ ಎದ್ದು ಒಳಗೆ ಹೋದರು. ಆ ದಿನ ಊಟಕ್ಕೆ ಕೂತವರು ತುತ್ತೆತ್ತದೆ ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದರೆಂದು ಅಜ್ಜಿ ಎಷ್ಟೋ ವರ್ಷ ನೆನೆಯುತ್ತಿದ್ದರು.

ಮರುದಿನ ಕುಯ್ಲಿಗಿಳಿದಾಗ ಅಜ್ಜ ಚಿಕ್ಕಪ್ಪನ ಪಕ್ಕದಲ್ಲೇ ನಿಂತು, ಹೆಗಲ ಮೇಲಿನ ಟವೆಲನ್ನು ತಮ್ಮ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡರು. ರೆಂಬೆಯನ್ನು ತಡವುತ್ತ ಹಣ್ಣು, ಕಾಯಿಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿನೋಡತೊಡಗಿದರು. ಕೆಲವು ಹಸಿರು ಕಾಯಿಗಳು ಅವರ ಬುಟ್ಟಿಗೂ ಬಿದ್ದವು. ಆಮೇಲೆ ಮಗನ ಕೈಗಾಗಿ ಗಾಳಿಯಲ್ಲಿ ಹುಡುಕಿ, ಹಿಡಿದು, ರೆಂಬೆಯ ಮೇಲಿಟ್ಟರು.

"ಇಲ್ಲಿ ಮುಟ್ಟಿ ನೋಡು. ಮೆತ್ತಗಿದ್ರೆ ಹಣ್ಣು, ಗಟ್ಟಿಯಿದ್ರೆ ಕಾಯಿ. ನಂಗೂ ಸರಿಯಾಗಿ ಬರಲ್ಲ. ಇಬ್ರೂ ಕಲಿಯೋಣ."

ಬಿಸಿಲೇರುವ ಹೊತ್ತಿಗೆ ನಮ್ಮೆಲ್ಲರ ಸಾಲೂ ಮುಗಿದಿತ್ತು. ಅವರಿಬ್ಬರು ಮಾತ್ರ ಇನ್ನೂ ಎರಡನೆಯ ಗಿಡದಲ್ಲೇ ಇದ್ದರು. ಯಾರನ್ನೂ ಗದರಲು ಅಜ್ಜನಿಗೆ ಅಂದು ಪುರುಸೊತ್ತಿರಲಿಲ್ಲ.